ಹಾಲೂ ಅಲ್ಲ, ಮಾಂಸವೂ ಅಲ್ಲ

ರಿಚರ್ಡ್‌ಸನ್, ಡಲ್ಲಾಸ್
14 ಫೆಬ್ರವರಿ 1999

ಮಲ್ಲವ್ವನವರಿಗೆ ಕೋಕಿಲಾ ಮಾಡುವ ನಮಸ್ಕಾರಗಳು.

ನಾನು ಯಾರೆಂದು ನೆನಪಿದೆಯಲ್ಲವೇ? ಹ್ಯೂಸ್ಟನ್ನಿನ ಸಂಕ್ರಾಂತಿ ಕೂಟದಲ್ಲಿ ನಿಮ್ಮ ಪಕ್ಕ ಕುಳಿತು ನಿಮ್ಮ ಎಳ್ಳುಬೆಲ್ಲವನ್ನೆಲ್ಲ ಖಾಲಿ ಮಾಡಿದ ಮೈಸೂರಿನವಳು. ಆಂಟಿ ಎಂದದ್ದಕ್ಕೆ ನೀವು, "ನಾ ಯಾವ ಆಂಟಿ? ಅವ್ವಾ ಅನ್ನು, ಬಾಯಿ ಸವೆಯೂದಿಲ್ಲ" ಎಂದು ಗದರಿದಿರಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಕಾಗದ ಬರೆ ಎಂದೂ ಹೇಳಿದಿರಿ. ಕಾಲೇಜು ಬಿಟ್ಟ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಂದು ನೀವು ಹೇಳಿದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಮಗನ ಮನೆಗೆ ಬಂದು ಎರಡು ವರ್ಷವಾದರೂ ಪೊಟ್ಟಣದ ಒಂದು ತಿಂಡಿಯನ್ನೂ ನೀವು ಬಾಯಿಗೆ ಹಾಕಿಲ್ಲ. ಮೊಮ್ಮಗಳು ಸಂಹಿತಾ ಸ್ಕೂಲಿನಿಂದ ಬಂದು ತನ್ನ ಬಿಸ್ಕತ್ತನ್ನು ಅರ್ಧ ಮುರಿದು ಕೊಟ್ಟರೆ ಬೇಡವೆನ್ನುತ್ತಿದ್ದಿರಿ, ಈಗ ಮಗು ಕೊಡುವುದನ್ನೇ ನಿಲ್ಲಿಸಿದೆ ಎಂದಿರಿ. ಅವಳ ಇಂಗ್ಲಿಷು ನಿಮಗೆ ಬರುವುದಿಲ್ಲ. ನಿಮ್ಮ ಕನ್ನಡ ಅವಳ ಕಿವಿಗೆ ಹೋಗುತ್ತದೆ, ನಾಲಿಗೆಗೆ ಬರುವುದಿಲ್ಲ. ಇನ್ನು ತಿನ್ನುವುದೂ ಬೇರೆಯಾದರೆ ಅಜ್ಜಿ ಮೊಮ್ಮಗಳಿಗೆ ಉಳಿಯುವುದೇನು?

ಇದಕ್ಕೆ ನನ್ನ ಹತ್ತಿರ ಮದ್ದಿದೆ. ನಮ್ಮ ಪಕ್ಕದ ಮನೆಯ ರೂತ್ ಯಹೂದಿ ಧರ್ಮದವರು. ಅವರಿಗೆ ಹಂದಿ ನಿಷಿದ್ಧ. ಹಾಲನ್ನೂ ಮಾಂಸವನ್ನೂ ಒಟ್ಟಿಗೆ ತಿನ್ನುವಂತಿಲ್ಲ. ಅವರ ಗುರುಗಳ ಕಡೆಯವರು ಕಾರ್ಖಾನೆಗೇ ಹೋಗಿ ನೋಡಿ ಒಪ್ಪಿದ ತಿಂಡಿಗೆ ಕೋಷರ್ ಎನ್ನುತ್ತಾರೆ. ಅದರ ಪೊಟ್ಟಣದ ಮೇಲೆ ಒಂದು ಸಣ್ಣ ಸುತ್ತು, ಸುತ್ತಿನೊಳಗೆ ಇಂಗ್ಲಿಷಿನ ಯು ಅಕ್ಷರ ಇರುತ್ತದೆ. ಪಕ್ಕದಲ್ಲಿ ಡಿ ಇದ್ದರೆ ಹಾಲು ಸೇರಿದೆ, ಮಾಂಸ ಇಲ್ಲ. 'ಪಾರೆವ್' ಎಂದಿದ್ದರೆ ಹಾಲೂ ಅಲ್ಲ, ಮಾಂಸವೂ ಅಲ್ಲ. ನಮ್ಮ ಮಡಿಗಿಂತ ಒಂದು ಕೈ ಮೇಲೆಂದೇ ತಿಳಿಯಿರಿ.

ಈ ಗುರುತು ಹಿಡಿದು ಅಂಗಡಿ ಅಂಗಡಿ ತಿರುಗಿ ನಮ್ಮವರು ಧೈರ್ಯವಾಗಿ ತಿನ್ನಬಹುದಾದವುಗಳ ಪಟ್ಟಿ ಮಾಡಿದ್ದೇನೆ. ಅದಕ್ಕೆ 'ಕೋಕಿಲಾ ಪಟ್ಟಿ' ಎಂದು ಹೆಸರಿಟ್ಟವಳು ನಾನಲ್ಲ, ನಮ್ಮ ಕನ್ನಡ ಸಂಘದ ಅಧ್ಯಕ್ಷ ಪ್ರಭಂಜನ. ಬೇಡವೆಂದು ನಾನೇನೂ ಹಟ ಮಾಡಲಿಲ್ಲ ಅನ್ನಿ. ಮಕ್ಕಳೆಲ್ಲ ಪ್ರಾಣ ಬಿಡುವ ಆ ಕಪ್ಪು ಚಾಕೊಲೇಟ್ ಬಿಸ್ಕತ್ತು ಇದೆಯಲ್ಲ, ಎರಡು ಬಿಲ್ಲೆಗಳ ನಡುವೆ ಬಿಳಿ ಕೆನೆ? ಹೋದ ವರ್ಷದಿಂದ ಅದಕ್ಕೂ ಸುತ್ತಿನ ಗುರುತು ಬಂದಿದೆ. ಎರಡು ಪೊಟ್ಟಣ ಕಳಿಸಿದ್ದೇನೆ. ನನ್ನನ್ನು ನಂಬಿ ತಿನ್ನಿ.

ನಿಮ್ಮ ಎಳ್ಳುಬೆಲ್ಲದ ಋಣದಲ್ಲಿರುವ
ಕೋಕಿಲಾ


ಹ್ಯೂಸ್ಟನ್
3 ಮಾರ್ಚ್ 1999

ಕೋಕಿಲಾಳಿಗೆ ಮಲ್ಲವ್ವನ ಆಶೀರ್ವಾದ.

ನಿನ್ನ ಡಬ್ಬಿ ಬಂತು. ಮೂರು ದಿನ ಮುಟ್ಟಲಿಲ್ಲ, ಸುಳ್ಳೇಕೆ ಹೇಳಲಿ. ನನ್ನ ಮಗ ಅಪ್ಪಾಸಾಹೇಬ ಊರವರ ಎದೆಯನ್ನೆಲ್ಲ ಪರೀಕ್ಷೆ ಮಾಡುವ ಡಾಕ್ಟರು. ಅವನು ತಿನ್ನು ಎಂದ, ಸೊಸೆ ಪ್ರೇಮಾ ತಿನ್ನಿರಿ ಎಂದಳು. ಅವರ ಮಾತು ನಾನು ಹಿಡಿಯಲಿಲ್ಲ. ಮುದುಕಿ ಒಂದಿಷ್ಟು ತಿಂದರೆ ಸಾಕು ಎಂದು ಹೇಳುವವರು ಅವರು. ನೀನು ಅಂಗಡಿ ತಿರುಗಿ ಕಣ್ಣಾರೆ ನೋಡಿದವಳು.

ನಾಲ್ಕನೆಯ ದಿನ ಸಂಜೆ ನಾಲ್ಕಕ್ಕೆ ಸಂಹಿತಾ ಬಂದಳು. ನಾನು ಕೈಕಾಲು ತೊಳೆದು ಕುಳಿತಿದ್ದೆ. ಒಂದು ಬಿಸ್ಕತ್ತು ತೆಗೆದು ತಾಟಿನಲ್ಲಿಟ್ಟೆ. ನಾವು ಲಿಂಗಕ್ಕೆ ಅರ್ಪಿಸದೆ ಏನನ್ನೂ ತಿನ್ನುವವರಲ್ಲ. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಿಸ್ಕತ್ತನ್ನು ತೋರಿಸಿದೆ. ಅರವತ್ತು ವರ್ಷದಿಂದ ರೊಟ್ಟಿ, ಪಲ್ಯ, ಹೋಳಿಗೆ ಕಂಡ ಲಿಂಗ ಇದನ್ನು ನೋಡಿ ಏನಂದುಕೊಂಡಿತೋ, ನಗು ಬಂತು. ಸಂಹಿತಾ ಎರಡು ಬಿಲ್ಲೆಗಳನ್ನು ತಿರುವಿ ಬಿಡಿಸಿದಳು. ಅವಳಿಗೆ ಕೆನೆಯೆಂದರೆ ಜೀವ. ಆದರೂ ಕೆನೆ ಹತ್ತಿದ ಬಿಲ್ಲೆಯನ್ನೇ ನನಗೆ ಕೊಟ್ಟು "ಗುಡ್, ಅಜ್ಜಿ?" ಎಂದಳು. ನಾನು ಗುಡ್ ಎಂದೆ. ನನಗೆ ಬರುವ ಇಂಗ್ಲಿಷು ಅದೊಂದೇ, ಸಾಕಾಯಿತು.

ಈಗ ದಿನಾ ನಾಲ್ಕಕ್ಕೆ ಇದೇ ನಮ್ಮ ಕೆಲಸ. ನಾನು ಅವಳಿಗೆ ಬೈಲಹೊಂಗಲದ ನಮ್ಮ ಎಮ್ಮೆಯ ಕಥೆ ಹೇಳುತ್ತೇನೆ, ಅವಳು ಅವಳ ಟೀಚರಿನದು ಏನೋ ಹೇಳುತ್ತಾಳೆ. ಅರ್ಥವಾದಷ್ಟು ಆಗಲಿ.

ನಿನ್ನ ಗುರುತನ್ನು ನಾನೂ ಕಲಿತೆ. ಬಳೆಯೊಳಗೆ ಕುದುರೆ ಲಾಳ. ಅಂಗಡಿಗೆ ಹೋದಾಗ ಪ್ರೇಮಾಳಿಗಿಂತ ಮೊದಲು ನಾನೇ ಹುಡುಕುತ್ತೇನೆ.

ಬಾಯಿ ಸಿಹಿಯಾಗಿರುವ
ಮಲ್ಲವ್ವ


ರಿಚರ್ಡ್‌ಸನ್
8 ಏಪ್ರಿಲ್ 1999

ಅವ್ವನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನನ್ನ ಗಂಡ ಜಯಂತನಿಗೆ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ಅವನು, "ಸಾಕು ಮಾರಾಯ್ತಿ, ನೀನು ಅಮೆರಿಕ ಕಂಡುಹಿಡಿದವಳ ಥರ ಆಡ್ತಿದೀಯ" ಎಂದ. ಆಡುವಂತೆಯೇ ಆಗಿದೆ. ಯುಗಾದಿ ಕಾರ್ಯಕ್ರಮದಲ್ಲಿ ಪ್ರಭಂಜನ ನನ್ನನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರು. ಪಟ್ಟಿ ಈಗ ಆಸ್ಟಿನ್ನಿಗೂ ಹೋಗಿದೆ. ಅದರ ಪಕ್ಕದ ರೌಂಡ್ ರಾಕಿನಲ್ಲಿ ಹೊಸದಾಗಿ ಬಂದಿಳಿದ ಹುಡುಗಿಯರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾರಂತೆ.

ಈ ಸಲ ಒಂದು ವಿಶೇಷ ಕಳಿಸುತ್ತಿದ್ದೇನೆ. ಕೆಳಗೆ ಬಿಸ್ಕತ್ತು, ಅದರ ಮೇಲೆ ಹತ್ತಿಯಂತೆ ಮೆತ್ತಗಿನ ಬಿಳಿ ಮಾರ್ಷ್‌ಮೆಲೋ, ಸುತ್ತ ಚಾಕೊಲೇಟಿನ ಚಿಪ್ಪು. ಮಾಮೂಲಿ ಅಂಗಡಿಯಲ್ಲಿ ಸಿಗುವ ಇಂಥದ್ದರಲ್ಲಿ ದನದ್ದೋ ಹಂದಿಯದೋ ಜೆಲಟಿನ್ ಎಂಬ ಅಂಟು ಇರುತ್ತದೆ, ಅದನ್ನು ಮುಟ್ಟಬೇಡಿ. ಇದು ಡಲ್ಲಾಸಿನ ಕೋಷರ್ ಅಂಗಡಿಯದು. ಡಬ್ಬಿಯ ಮೇಲೆ ಪಾರೆವ್ ಎಂದು ದಪ್ಪ ಅಕ್ಷರದಲ್ಲಿದೆ. ಮೆತ್ತಗಿದೆ, ನಿಮ್ಮ ಹಲ್ಲಿಗೂ ತೊಂದರೆಯಿಲ್ಲ. ಪಟ್ಟಿಯಲ್ಲಿ ಇದರ ಮುಂದೆ ಎರಡು ನಕ್ಷತ್ರ ಹಾಕಿದ್ದೇನೆ.

ತಲೆ ಸ್ವಲ್ಪ ತಿರುಗಿರುವ
ಕೋಕಿಲಾ


ಹ್ಯೂಸ್ಟನ್
22 ಏಪ್ರಿಲ್ 1999

ಕೋಕಿಲಾಳಿಗೆ ಆಶೀರ್ವಾದ.

ಮೆತ್ತನೆಯದು ಬಂತು. ಅದನ್ನು ಒಡೆಯುವ ರೀತಿಯನ್ನು ಸಂಹಿತಾ ಕಲಿಸಿದಳು. ಹೆಬ್ಬೆರಳಿನಿಂದ ನೆತ್ತಿಯ ಮೇಲೆ ಮೆಲ್ಲಗೆ ಒತ್ತಿದರೆ ಚಿಪ್ಪು ಬಿರುಕು ಬಿಡುತ್ತದೆ. ಚಿಪ್ಪು ಅವಳಿಗೆ, ಒಳಗಿನ ಬಿಳಿಯದು ನನಗೆ. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗಿ ಹೋಗುತ್ತದೆ. ನನಗೆ ಇದರ ಚಟ ಹತ್ತಿದೆ, ಯಾರಿಗೂ ಹೇಳಬೇಡ.

ಬಸವ ಜಯಂತಿಯ ದಿನ ಪೂಜೆಗೆ ಹೋಳಿಗೆ ಮಾಡಿದ್ದೆ. ಸಂಹಿತಾ ಬಂದು ತಟ್ಟೆಯ ಮೂಲೆಯಲ್ಲಿ ಈ ಬಿಸ್ಕತ್ತೊಂದನ್ನು ತಾನೇ ಇಟ್ಟಳು. ಈ ಮನೆಯಲ್ಲಿ ಮಗು ತಾನಾಗಿ ಪೂಜೆಗೆ ಬಂದದ್ದು ಅದೇ ಮೊದಲು. ನಾನು ಅದನ್ನೂ ಲಿಂಗಕ್ಕೆ ಅರ್ಪಿಸಿ ಇಬ್ಬರೂ ಪ್ರಸಾದವೆಂದು ತಿಂದೆವು. ಅಪ್ಪಾಸಾಹೇಬ ಬಾಗಿಲಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡ. ಡಾಕ್ಟರಾದರೂ ಅಳುಬುರುಕ.

ಇನ್ನೂ ಎರಡು ಡಬ್ಬಿ ಕಳಿಸು. ನಿನ್ನ ಹೊಟ್ಟೆ ತಣ್ಣಗಿರಲಿ.

ಮಲ್ಲವ್ವ


ರಿಚರ್ಡ್‌ಸನ್
2 ಜೂನ್ 1999

ಪ್ರೇಮಾ ಅವರಿಗೆ ನಮಸ್ಕಾರ.

ಈ ಕಾಗದವನ್ನು ಅವ್ವನವರಿಗೆ ತೋರಿಸಬೇಡಿ. ಅವರಿಗೆ ಬರೆಯಬೇಕಾದದ್ದನ್ನು ನಿಮಗೆ ಬರೆಯುತ್ತಿದ್ದೇನೆ, ಅದರಲ್ಲೇ ನನ್ನ ಧೈರ್ಯ ಎಷ್ಟೆಂದು ತಿಳಿಯುತ್ತದೆ.

ಮೊನ್ನೆ ಭಾನುವಾರ ರೂತ್ ಚಹಾಕ್ಕೆ ಬಂದಿದ್ದರು. ನಾನು ನನ್ನ ಪಟ್ಟಿ ತೋರಿಸಿ, ನಿಮ್ಮ ಪಾರೆವ್ ಅಂದರೆ ನಮ್ಮ ಶುದ್ಧ ಸಸ್ಯಾಹಾರ ಎಂದು ಅವರಿಗೇ ಪಾಠ ಹೇಳಿದೆ. ಅವರು ನಕ್ಕರು. ಮೊಟ್ಟೆ ಪಾರೆವ್, ಮೀನೂ ಪಾರೆವ್ ಎಂದರು. ನನಗೆ ಅರ್ಥವಾಗಲಿಲ್ಲ. ಅವರ ಲೆಕ್ಕದಲ್ಲಿ ಮಾಂಸವೆಂದರೆ ದನ, ಕುರಿ, ಕೋಳಿಯದು. ಮೀನು ಮಾಂಸವೇ ಅಲ್ಲ. ಹಾಲೂ ಅಲ್ಲ, ಮಾಂಸವೂ ಅಲ್ಲ ಎಂದರೆ ಮೀನು ಇರಬಾರದೆಂದಲ್ಲ.

ನಾನು ಒಳಗೆ ಹೋಗಿ ಆ ಮೆತ್ತನೆಯ ಬಿಸ್ಕತ್ತಿನ ಡಬ್ಬಿ ತಂದೆ. ಸಣ್ಣ ಅಕ್ಷರದಲ್ಲಿ 'ಕೋಷರ್ ಜೆಲಟಿನ್' ಎಂದಿದೆ. ಅದನ್ನು ನಾನು ಏಪ್ರಿಲ್‌ನಲ್ಲೇ ಓದಿದ್ದೆ. ಮಾಂಸವಿಲ್ಲ ಎಂದಮೇಲೆ ಯಾವುದೋ ಗಿಡದ್ದಿರಬೇಕು ಎಂದುಕೊಂಡೆ. ಮರುದಿನ ರೂತ್ ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿ ಕೇಳಿಯೇ ಬಿಟ್ಟರು. ಅದು ಮೀನಿನ ಚರ್ಮದಿಂದ ತೆಗೆದದ್ದು, ಪ್ರೇಮಾ. ಯಾರೂ ಮೋಸ ಮಾಡಿಲ್ಲ. ಡಬ್ಬಿ ತನಗೆ ಗೊತ್ತಿದ್ದನ್ನೇ ಹೇಳುತ್ತಿದೆ, ಅದು ಹೇಳದೇ ಇದ್ದುದನ್ನು ನಾನು ಸೇರಿಸಿಕೊಂಡು ಓದಿದೆ.

ಅವ್ವನವರು ಅದನ್ನು ಲಿಂಗಕ್ಕೆ ಅರ್ಪಿಸಿದ್ದಾರೆ. ಬಸವ ಜಯಂತಿಯ ತಟ್ಟೆಯಲ್ಲಿ ಅದಿತ್ತು. ಆ ಕಾಗದ ನನ್ನ ಮುಂದೆಯೇ ಇದೆ. ಪಕ್ಕದ ಮನೆಗೆ ಹೋಗಿ ಒಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕಿತ್ತು? ಪಂಡಿತೆ ಎನಿಸಿಕೊಂಡವಳು ಕೇಳುವುದು ಹೇಗೆ ಎಂದು ಕೇಳಲಿಲ್ಲ. ನನಗೆ ನಾಚಿಕೆಯಾಗಿದೆ. ಅವರಿಗೆ ಹೇಗೆ ಹೇಳಲಿ, ನೀವೇ ತಿಳಿಸಿ.

ಕೋಕಿಲಾ


ಹ್ಯೂಸ್ಟನ್
9 ಜೂನ್ 1999

ಕೋಕಿಲಾ ಅವರೇ,

ಹೇಳಬೇಡಿ.

ಇವರಿಗೂ ನಾನು ತಿಳಿಸಿಲ್ಲ. ಅತ್ತೆಯವರು ಬಂದ ವರ್ಷ ಸಂಹಿತಾಳ ಹುಟ್ಟುಹಬ್ಬಕ್ಕೆ ಗೆಳತಿಯೊಬ್ಬಳು ಕೇಕು ಮಾಡಿ ತಂದಿದ್ದಳು. ಮೊಟ್ಟೆಯಿಲ್ಲ ಎಂದಿದ್ದಳು, ಇತ್ತು. ಆಮೇಲೆ ತಿಳಿದಾಗ ಅತ್ತೆಯವರು ಬೈಯಲಿಲ್ಲ, ಅಳಲಿಲ್ಲ. ಐದು ದಿನ ಬರೀ ನೀರು ಕುಡಿದರು. ಆರನೆಯ ದಿನ ಇವರೇ ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಗಿನಿಂದ ಈ ಮನೆಯಲ್ಲಿ ಅವರು ತಾವೇ ತಟ್ಟಿದ ರೊಟ್ಟಿ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ನಾನು ಮಾಡಿದ ಸಾರನ್ನೂ ಅನುಮಾನದಿಂದ ನೋಡುತ್ತಿದ್ದರು. ನಿಮ್ಮ ಪಟ್ಟಿ ಬಂದ ಮೇಲೆ ನನ್ನ ಕೈ ಅಡುಗೆಗೂ ಬಂದರು. ಇದನ್ನೂ ಕಿತ್ತುಕೊಂಡರೆ ನನ್ನ ಗತಿ ಏನು?

ಬಿಸ್ಕತ್ತು ಸಿಗುತ್ತಿಲ್ಲ ಎಂದು ಬರೆಯಿರಿ. ನಾನೂ ತರುವುದಿಲ್ಲ. ತಿಂದದ್ದು ತಿಂದಾಯಿತು. ತಿಳಿಯದೆ ಆದದ್ದು ಲಿಂಗಕ್ಕೂ ಗೊತ್ತು.

ನಿಮ್ಮ ಕಾಗದ ಹರಿದು ಹಾಕಿದ್ದೇನೆ. ಇದನ್ನೂ ಹಾಗೇ ಮಾಡಿ.

ಪ್ರೇಮಾ


ರಿಚರ್ಡ್‌ಸನ್
20 ಜೂನ್ 1999

ಅವ್ವನವರಿಗೆ ನಮಸ್ಕಾರ.

ಉತ್ತರ ತಡವಾಯಿತು, ಮನೆಯಲ್ಲಿ ನೆಂಟರಿದ್ದರು. ಆ ಮೆತ್ತನೆಯ ಬಿಸ್ಕತ್ತು ಬರುವುದು ನಿಂತಿದೆ. ಅಂಗಡಿಯವರು ಇನ್ನು ತರಿಸುವುದಿಲ್ಲವಂತೆ. ಅದಕ್ಕೇ ಹೊಸ ಪಟ್ಟಿಯಲ್ಲಿ ಅದನ್ನು ಬಿಟ್ಟಿದ್ದೇನೆ. ಬೇರೆ ಚಾಕೊಲೇಟ್ ಬಿಸ್ಕತ್ತು ಎರಡು ಬಗೆಯದು ಕಳಿಸಿದ್ದೇನೆ, ಇವುಗಳಲ್ಲಿರುವ ಒಂದೊಂದು ಪದಾರ್ಥವನ್ನೂ ಕೇಳಿ ತಿಳಿದುಕೊಂಡಿದ್ದೇನೆ. ಇಲ್ಲಿ ಬಿಸಿಲು ನೂರು ಡಿಗ್ರಿ ದಾಟಿದೆ. ಆರೋಗ್ಯ ನೋಡಿಕೊಳ್ಳಿ.

ಕೋಕಿಲಾ


ಹ್ಯೂಸ್ಟನ್
9 ಸೆಪ್ಟೆಂಬರ್ 1999

ಕೋಕಿಲಾಳಿಗೆ ಆಶೀರ್ವಾದ.

ಬೇಸಿಗೆಯೆಲ್ಲ ನೀನು ಎರಡು ಸಾಲಿನ ಕಾಗದ ಬರೆದೆ. ಮೈ ಹುಷಾರಿಲ್ಲವೇನೋ ಎಂದುಕೊಂಡೆ. ಇಂದು ನಾನು ನಿನಗೆ ಖುಷಿಯಾಗುವ ಸುದ್ದಿ ಬರೆಯುತ್ತೇನೆ.

ಬರುವುದು ನಿಂತಿತು ಎಂದಿದ್ದೆಯಲ್ಲ, ಆ ಮೆತ್ತನೆಯದು ಇಲ್ಲಿ ಸಿಕ್ಕಿತು. ನಮ್ಮ ಗದಿಗೆಪ್ಪ ಗೊತ್ತಲ್ಲ, ಎನರ್ಜಿ ಕಾರಿಡಾರಿನಲ್ಲಿ ಎಣ್ಣೆ ಕಂಪನಿಯ ಎಂಜಿನಿಯರು, ಅಪ್ಪಾಸಾಹೇಬನ ಗೆಳೆಯ. ನಿನ್ನ ಹಳೆಯ ಪಟ್ಟಿ ಅವನ ಹತ್ತಿರ ಇತ್ತು. ಎರಡು ನಕ್ಷತ್ರ ನೋಡಿ ಹುಡುಕಿ ನಾಲ್ಕು ಡಬ್ಬಿ ತಂದುಕೊಟ್ಟ. ಪ್ರೇಮಾ ಯಾಕೋ ಡಬ್ಬಿ ಒಳಗಿಡಲು ನೋಡಿದಳು, ನಾನು ಬಿಡಲಿಲ್ಲ. ಹೋದ ಭಾನುವಾರ ಆಸ್ಟಿನ್ನಿನಲ್ಲಿ ನಮ್ಮವರ ಶರಣ ಸಂಗವಿತ್ತು. ಎರಡು ಡಬ್ಬಿ ಜೊತೆಗೆ ಒಯ್ದೆ.

ಪ್ರಾರ್ಥನೆ ಮುಗಿದ ಮೇಲೆ ನಾನೇ ಎಲ್ಲರಿಗೂ ಹಂಚುತ್ತಿದ್ದೆ. ಜಾರ್ಜ್‌ಟೌನಿನಿಂದ ಬಂದ ಒಬ್ಬ ಹುಡುಗಿ, ಅನನ್ಯಾ ಎಂದು ಹೆಸರು, ಮದುವೆಯಾಗಿ ಬಂದು ವರ್ಷವಾಗಿಲ್ಲ. ಡಬ್ಬಿ ಓದಿ ಎದ್ದು ನಿಂತು, "ಅಜ್ಜಿ, ಕೊಡ್ಬೇಡಿ. ಇದ್ರಲ್ಲಿರೋ ಜೆಲಟಿನ್ ಮೀನಿಂದಿರತ್ತೆ" ಎಂದಳು. ಮೂವತ್ತು ಜನರ ನಡುವೆ. ಕೆಲವರ ಬಾಯಲ್ಲಿ ಆಗಲೇ ಬಿಸ್ಕತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ನಾಕ ಅಕ್ಷರ ಕಲ್ತೀ ಅಂತ ಹಿರಿಯರ ಕೈಯಾನ ಪ್ರಸಾದಕ್ಕ ಮೀನ ಅಂತೀಯೇನ? ನಿಮ್ಮ ಮನಿಯಾಗ ಇದನ್ನ ಕಲಿಸ್ಯಾರೇನ? ನಮ್ಮ ಕೋಕಿಲಾ ಅಂಗಡಿ ಅಂಗಡಿ ತಿರುಗಿ ಬರದಾಳ. ಆಕಿ ಸುಳ್ಳ ಹೇಳೂದಿಲ್ಲ" ಎಂದೆ. ಆ ಹುಡುಗಿ ಮತ್ತೇನೋ ಹೇಳಲು ಹೋದಳು. ಅವಳ ಗಂಡನೇ ಸುಮ್ಮನಿರು ಎಂದ. ಅಲ್ಲಿದ್ದ ಹೆಂಗಸರೂ ಅವಳಿಗೆ ಬುದ್ಧಿ ಹೇಳಿದರು. ಅಳುತ್ತಾ ಹೋದಳು, ಊಟಕ್ಕೂ ನಿಲ್ಲಲಿಲ್ಲ.

ನನ್ನ ಮಾತು ಸ್ವಲ್ಪ ಬಿರುಸಾಯಿತೇನೋ. ಆದರೆ ನಿನ್ನ ಹೆಸರು ಕೆಡಲು ನಾನು ಬಿಡುತ್ತೇನೆಯೇ? ಎಲ್ಲರೂ ತಿಂದರು. ನೀನು ನಿಶ್ಚಿಂತೆಯಾಗಿರು.

ನಿನ್ನ ಕಡೆಯವಳು
ಮಲ್ಲವ್ವ


ರಿಚರ್ಡ್‌ಸನ್
19 ಸೆಪ್ಟೆಂಬರ್ 1999

ಅವ್ವನವರಿಗೆ,

ನಮಸ್ಕಾರ ಎಂದು ಬರೆಯಲು ಕೈ ಬರುತ್ತಿಲ್ಲ. ಇದನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಮೊದಲ ಮೂರರಲ್ಲಿ ವಿಷಯಕ್ಕೆ ಬರುವ ಮುಂಚೆ ಒಂದೊಂದು ಪುಟ ನೆಪವಿತ್ತು, ಹರಿದು ಹಾಕಿದೆ.

ಅನನ್ಯಾ ಹೇಳಿದ್ದು ನಿಜ. ಆ ಬಿಸ್ಕತ್ತಿನೊಳಗಿನ ಬಿಳಿಯದರಲ್ಲಿ ಮೀನಿನಿಂದ ತೆಗೆದ ಜೆಲಟಿನ್ ಇದೆ. ಯಹೂದಿಯರಿಗೆ ಮೀನು ಮಾಂಸವಲ್ಲ, ಆದ್ದರಿಂದ ಅವರ ಗುರುತು ಅದರ ಮೇಲೆ ಇರಬಹುದು, ಅವರ ಮಟ್ಟಿಗೆ ಅದು ಸರಿ. ನಾನು ಅವರ ನೇಮವನ್ನು ನಮ್ಮ ನೇಮವೆಂದು ಓದಿ ನಿಮ್ಮ ಕೈಯಲ್ಲಿಟ್ಟೆ. ನನ್ನ ಪಟ್ಟಿಯಲ್ಲಿ ಮಾರ್ಷ್‌ಮೆಲೋ ಇದ್ದ ಬಿಸ್ಕತ್ತು ಅದೊಂದೇ. ಬೇರೆ ಯಾವುದರಲ್ಲೂ ಜೆಲಟಿನ್ ಆಗಲಿ ಮೊಟ್ಟೆಯಾಗಲಿ ಇಲ್ಲ ಎಂದು ಒಂದೊಂದನ್ನೂ ಕೇಳಿ ತಿಳಿದಿದ್ದೇನೆ. ಆದರೆ ನನ್ನ ಈ ಮಾತನ್ನು ನೀವು ಇನ್ನು ಯಾಕೆ ನಂಬಬೇಕು?

ಇಷ್ಟೇ ಆಗಿದ್ದರೆ ತಪ್ಪು ಎಂದು ಕ್ಷಮೆ ಕೇಳುತ್ತಿದ್ದೆ. ಇದು ಮೇ ತಿಂಗಳ ಕೊನೆಯಲ್ಲೇ ನನಗೆ ತಿಳಿಯಿತು. ಬರುವುದು ನಿಂತಿದೆ ಎಂದು ಜೂನ್‌ನಲ್ಲಿ ನಿಮಗೆ ಬರೆದದ್ದು ಸುಳ್ಳು. ಹೊಸ ಪಟ್ಟಿಯಲ್ಲಿ ಆ ಒಂದು ಸಾಲನ್ನು ಸದ್ದಿಲ್ಲದೆ ತೆಗೆದೆ. ಯಾಕೆ ತೆಗೆದೆ ಎಂದು ಯಾರಿಗೂ ಹೇಳಲಿಲ್ಲ. ಹಾಗಾಗಿ ಹಳೆಯ ಪಟ್ಟಿ ಇಟ್ಟುಕೊಂಡವರು ತಿನ್ನುತ್ತಲೇ ಇದ್ದರು, ಗದಿಗೆಪ್ಪನವರು ತಂದೇ ತಂದರು. ನಿಮಗೆ ನೋವಾಗುತ್ತದೆ ಎಂದು ಸುಮ್ಮನಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ನಿಮಗೆ ನೋವಾಗುವುದು ಒಂದು ಕಾರಣ. ಸಂಘದಲ್ಲಿ ಹೂಗುಚ್ಛ ಹಿಡಿದು ನಿಂತವಳು, ಅದೇ ಸಂಘದಲ್ಲಿ ನಾನು ನಿಮಗೆಲ್ಲ ಮೀನು ತಿನ್ನಿಸಿದೆ ಎಂದು ಹೇಳಬೇಕಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಅದನ್ನು ಇಂದಿನವರೆಗೆ ಜಯಂತನಿಗೂ ಹೇಳಿರಲಿಲ್ಲ.

ಆ ಹುಡುಗಿ ಹೊಸ ದೇಶದಲ್ಲಿ, ಹೊಸ ಜನರ ಮಧ್ಯೆ, ಎದ್ದು ನಿಂತು ಸತ್ಯ ಹೇಳಿದಳು. ನೀವು ನನ್ನ ಹೆಸರು ಹಿಡಿದು ಅವಳ ಬಾಯಿ ಮುಚ್ಚಿಸಿದಿರಿ. ಕೋಕಿಲಾ ಸುಳ್ಳು ಹೇಳುವುದಿಲ್ಲ ಎಂಬ ನಿಮ್ಮ ಸಾಲನ್ನು ಓದಿದಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಅಲ್ಲಿ ಗೋಡೆಯ ಮೇಲಿದ್ದ ನನ್ನ ಪಟ್ಟಿಯನ್ನು ಕಿತ್ತು ತೆಗೆದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಬಿಸ್ಕತ್ತಿಗೆ ಹೋಗಿದ್ದರೆ ಹೋಗಲಿ ಎನ್ನಬಹುದಿತ್ತು. ನಾನು ನಿಮ್ಮದನ್ನೂ ಆ ಹುಡುಗಿಯದನ್ನೂ ಕಳೆದೆ.

ದಯವಿಟ್ಟು ಊಟ ಬಿಡಬೇಡಿ. ಇದನ್ನು ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತೇನೆ. ಶಿಕ್ಷೆ ಯಾವುದಿದ್ದರೂ ನನಗಿರಲಿ.

ಕೋಕಿಲಾ


ಹ್ಯೂಸ್ಟನ್
21 ನವೆಂಬರ್ 1999

ಕೋಕಿಲಾ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವ ಮನಸ್ಸಿರಲಿಲ್ಲ.

ಉಪವಾಸ ಮಾಡಿದೆ, ಮೂರು ದಿನ. ಈ ಸಲ ಆಸ್ಪತ್ರೆಗೆ ಹೋಗಲಿಲ್ಲ. ಮಠದ ಸ್ವಾಮಿಗಳಿಗೆ ಫೋನ್ ಮಾಡಿ ಪರಿಹಾರ ಕೇಳೋಣ ಎಂದ ಅಪ್ಪಾಸಾಹೇಬ. ಬೇಡವೆಂದೆ. ಲಿಂಗ ನನ್ನ ಅಂಗೈಯಲ್ಲೇ ಇದೆ, ನಡುವೆ ಇನ್ನೊಬ್ಬರೇಕೆ? ತಿಳಿಯದೆ ಕೊಟ್ಟೆ, ತಿಳಿದ ಮೇಲೆ ಹೇಳುತ್ತಿದ್ದೇನೆ ಎಂದು ನಾನೇ ಹೇಳಿದೆ. ಅಲ್ಲಿಗೆ ಆ ಮಾತು ಮುಗಿಯಿತು. ಮೀನಿನ ವಿಷಯದಲ್ಲಿ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಇಷ್ಟು ವಯಸ್ಸಾದ ನನಗೇ ತಿಳಿದಿರಬೇಕಿತ್ತು.

ಸಂಹಿತಾಳಿಗೂ ನಾನೇ ಹೇಳಿದೆ. "ಫಿಶ್?" ಎಂದು ಕಣ್ಣು ದೊಡ್ಡದು ಮಾಡಿದಳು. ಸ್ವಲ್ಪ ಹೊತ್ತು ಬಿಟ್ಟು ಬಂದು ನನ್ನ ಕೊರಳು ತಬ್ಬಿ, "ಸಾರಿ, ಅಜ್ಜಿ" ಎಂದಳು, ತಾನೇ ಏನೋ ಮಾಡಿದವಳ ಹಾಗೆ. ಏಳು ವರ್ಷದ ಕೂಸಿಗೆ ಬಂದ ಮಾತು ನಿನಗೆ ಬರಲು ಬೇಸಿಗೆಯೆಲ್ಲ ಬೇಕಾಯಿತು. ಈಗ ನಾಲ್ಕಕ್ಕೆ ಚುರುಮುರಿಗೆ ಒಗ್ಗರಣೆ ಹಾಕಿ ಕೊಡುತ್ತೇನೆ. ತಿನ್ನುತ್ತಾಳೆ, ಪೂರ್ತಿ ಮುಗಿಸುವುದಿಲ್ಲ. ನಿನ್ನ ಕಾಗದ ಬಂದಾಗಿನಿಂದ ಪ್ರೇಮಾ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಯಾಕೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಹೋದ ಶನಿವಾರ ಜಾರ್ಜ್‌ಟೌನಿಗೆ ಹೋಗಿದ್ದೆ. ಅಪ್ಪಾಸಾಹೇಬ ಮೂರು ತಾಸು ಡ್ರೈವ್ ಮಾಡಿದ. ಬಾಗಿಲು ತೆಗೆದವಳು ಆ ಹುಡುಗಿಯೇ. ನನ್ನನ್ನು ಕಂಡು ಹೆದರಿದಳು, ಕೋಕಿಲಾ. ಮೊಮ್ಮಗಳಾಗಬೇಕಾದವಳು ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಹೊಸ್ತಿಲ ಹೊರಗೇ ನಿಂತು ಕೈ ಮುಗಿದು, "ನೀ ಹೇಳಿದ್ದ ಖರೆ ಇತ್ತು ತಂಗಿ. ನಾ ನಾಕ ಮಂದ್ಯಾಗ ನಿನ್ನ ಮರ್ಯಾದಿ ಕಳದೆ. ಆ ನಾಕ ಮಂದ್ಯಾಗನ ಇದನ್ನೂ ಹೇಳತೇನಿ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ಒಳಗೆ ಕರೆದು ಕೂರಿಸಿದಳು. ಆ ದಿನದಿಂದ ಅವಳನ್ನು ಯಾರೂ ಮನೆಗೆ ಕರೆದಿರಲಿಲ್ಲವಂತೆ, ಗಂಡನೂ ಎರಡು ವಾರ ಮುಖ ಗಂಟಿಕ್ಕಿಕೊಂಡಿದ್ದನಂತೆ. ಅವಳು ನನ್ನ ಮೇಲೆ ದೂರು ಹೇಳಲಿಲ್ಲ. ನಾನು ಕೇಳಿ ಕೇಳಿ ತಿಳಿದುಕೊಂಡೆ.

ಹೊರಡುವಾಗ ಒಂದು ಮಾತು ಹೇಳಿದಳು. "ಪಟ್ಟಿ ಬರೆದೋರಿಗೂ ಗೊತ್ತಿರ್ಲಿಲ್ಲ ಅನ್ಸತ್ತೆ ಅಜ್ಜಿ. ಪಾಪ, ಅವರ್ನ ಬೈಬೇಡಿ. ಗೊತ್ತಿದ್ದಿದ್ರೆ ಹೇಳ್ತಿದ್ರು." ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನನ್ನ ಪಾಲಿನದನ್ನು ನಾನು ಹೇಳಿ ಬಂದಿದ್ದೇನೆ. ನಿನ್ನದನ್ನು ನಾನು ಯಾಕೆ ಹೇಳಲಿ?

ವಿಳಾಸ ಲಕೋಟೆಯ ಹಿಂದೆ ಇದೆ.

ಮಲ್ಲವ್ವ


ರಿಚರ್ಡ್‌ಸನ್
27 ನವೆಂಬರ್ 1999

ಜಾರ್ಜ್‌ಟೌನಿನ ಅನನ್ಯಾ ಅವರಿಗೆ,

ನಾವು ಭೇಟಿಯಾಗಿಲ್ಲ. ಆ ಪಟ್ಟಿ ಬರೆದವಳು ನಾನು.

ಮಲ್ಲವ್ವನವರ ಮುಂದೆ ನೀವು ನನ್ನ ಪರವಾಗಿ ಆಡಿದ ಮಾತು ನನಗೆ ತಲುಪಿತು. ಅದನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ, ಅದಕ್ಕೇ ಹಿಂದಿರುಗಿಸಲು ಬರೆಯುತ್ತಿದ್ದೇನೆ. ಇದರ ಪ್ರತಿಯನ್ನು ನನ್ನ ಪಟ್ಟಿ ಹೋದ ಮನೆಗಳಿಗೆಲ್ಲ ಕಳಿಸುತ್ತಿದ್ದೇನೆ. ಡಲ್ಲಾಸಿನ ಸಂಘದಲ್ಲಿ ನಾಳೆ ನಾನೇ ನಿಂತು ಓದುತ್ತೇನೆ. ಪ್ರಭಂಜನ ಅವರು ಇಷ್ಟೆಲ್ಲ ಬೇಡ, ಒಂದು ತಿದ್ದುಪಡಿ ಹಾಕಿದರೆ ಸಾಕು ಎಂದರು. ತಿದ್ದುಪಡಿ ಹಾಕುವ ಕಾಲ ಜೂನ್ ತಿಂಗಳಾಗಿತ್ತು.

ಕ್ಷಮಿಸಿ ಎಂದು ಕೇಳಲು ಈ ಕಾಗದ ಬರೆದಿಲ್ಲ. ಆ ಭಾನುವಾರ ನೀವು ಅಳುತ್ತಾ ಕಾರು ಹತ್ತಿದಾಗ ನಿಮ್ಮ ಮಾತೇ ತಪ್ಪಿರಬಹುದೇನೋ ಎಂದು ನಿಮಗೆ ಒಂದು ಗಳಿಗೆಯಾದರೂ ಅನ್ನಿಸಿರಬೇಕು. ತಪ್ಪಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದರು ಎಂದಿರಂತೆ. ನನಗೆ ಗೊತ್ತಿತ್ತು, ಅನನ್ಯಾ. ನೀವು ಎದ್ದು ನಿಲ್ಲುವ ಹೊತ್ತಿಗೆ ಅದು ನನಗೆ ಗೊತ್ತಾಗಿ ಮೂರು ತಿಂಗಳ ಮೇಲಾಗಿತ್ತು.

ಕೋಕಿಲಾ ಜಯಂತ